ಬಿ ವಿಂಗಿಗೊಂದು ಥ್ಯಾಂಕ್ಸ್

ಕಳೆದ ತಿಂಗಳು ಒಂದೇ ಏಟಿಗೆ ಹದಿನೆಂಟು ಜನರನ್ನು ಹೊಡೆದುಹಾಕಿದೆ. (ಗಾಬರಿ ಬೇಡ. ಕಾಗದದ ಮೇಲೆ, ಕೆಂಪು ಪೆನ್ನಿನಲ್ಲಿ.)

ಕಾಗದ ನನ್ನ ವಾಸು ಮಾವನದು. ಡೊಂಬಿವಲಿಯ ಫ್ಲ್ಯಾಟಿನ ಮಲಗುವ ಕೋಣೆಯಲ್ಲಿ, ಗೋಡೆಗೆ ಹಳೇ ಹಾಸಿಗೆ ಆನಿಸಿ, ಹಾಡು ರೆಕಾರ್ಡ್ ಮಾಡುವ ಮನುಷ್ಯ. ಅವರ ಜೋಗುಳದ ಸಿ.ಡಿ. ಮುಂಬಯಿಯ ಒಂದು ವಾರ್ಷಿಕ ಸಂಗೀತ ಪ್ರಶಸ್ತಿಗೆ ನಾಮಿನೇಟ್ ಆಗಿತ್ತು. ವಿಭಾಗ: ಧ್ವನಿಮುದ್ರಣ. ಟಿ.ವಿ. ಕ್ಯಾಮೆರಾ ಬರುವ ಮೊದಲೇ, ಮಧ್ಯಾಹ್ನ ಹಂಚಿ ಮುಗಿಸುವ ವಿಭಾಗ. ಗೆದ್ದವರಿಗೆ ಮೈಕ್ ಮುಂದೆ ನಲವತ್ತೈದು ಸೆಕೆಂಡ್.

"ನೀನು ಡಿಬೇಟಲ್ಲಿ ಕಪ್ ತಂದವಳಲ್ವಾ ಮಾರಾಯ್ತಿ, ಒಂದು ಭಾಷಣ ಬರ್ದು ಕೊಡು."

ನಾನು ಮೊದಲು ವಿರೋಧ ಪಕ್ಷ ಹಿಡಿದೆ. ಅಭ್ಯಾಸಬಲ. ಪ್ರಶಸ್ತಿಯೆಲ್ಲ ಬೊಗಳೆ, ಕೊಡುವವರೂ ಅವರೇ, ಗೆಲ್ಲುವವರೂ ಅವರೇ, ಚಪ್ಪಾಳೆಯೂ ಅವರದೇ. ಹಾಡೇನು ಓಟದ ಸ್ಪರ್ಧೆಯೇ, ಮೊದಲು ಬಂದವರಿಗೆ ಕಪ್ ಕೊಡಲು?

"ಕಪ್ ಯಾರಿಗೆ ಬೇಕು? ನಂಗೆ ಮೈಕ್ ಬೇಕು" ಎಂದು ಮಾವ ಪಟ್ಟಿ ಮುಂದಿಟ್ಟರು. ಇಪ್ಪತ್ತೆರಡು ಹೆಸರು, ಎಲ್ಲವೂ ಅವರ ಬಿಲ್ಡಿಂಗಿನ ಬಿ ವಿಂಗಿನ ಹೆಂಗಸರದು. "ಸ್ಟೇಜಲ್ಲಿ ನಿಮ್ಮ ಹೆಸರು ಹೇಳ್ತೇನೆ ಅಂತ ಎಲ್ರಿಗೂ ಮಾತು ಕೊಟ್ಟಾಗಿದೆ."

ನಾನು ನಾಲ್ಕು ಉಳಿಸಿ ಉಳಿದದ್ದಕ್ಕೆ ಗೀಟು ಎಳೆದೆ. ಮಾವನ ಮುಖ ಸಣ್ಣದಾಯಿತು.

"ಇವರೆಲ್ಲ ಅಂಥದ್ದೇನು ಮಾಡಿದ್ದಾರೆ ಮಾವ?"

"ನಾಳೆ ಎರಡು ಗಂಟೆಗೆ ಬಾ."

ಹೋದೆ. ಮುಂದಿನ ಸಿ.ಡಿ.ಯ ಕೆಲಸ ನಡೆದಿತ್ತು. ಎರಡಕ್ಕೆ ಸರಿಯಾಗಿ ಮಾವ ಬಾಲ್ಕನಿಯಲ್ಲಿ ಒಂದು ಹಸಿರು ಟವೆಲ್ ನೇತುಹಾಕಿದರು. ಅಷ್ಟೇ.

ಮೇಲಿನ ಮನೆಯ ಮಿಕ್ಸರ್ ಚಟ್ನಿಯ ಅರ್ಧದಲ್ಲಿ ನಿಂತಿತು. ಯಾರದೋ ಟಿ.ವಿ.ಯಲ್ಲಿ ಜಗಳವಾಡುತ್ತಿದ್ದ ಅತ್ತೆ ಸೊಸೆ ಮಾತಿನ ನಡುವೆಯೇ ಬಾಯಿ ಮುಚ್ಚಿದರು. ಕುಕ್ಕರು ಒಲೆಯಿಂದ ಇಳಿಯಿತು. ಫ್ಯಾನುಗಳು ಒಂದೊಂದಾಗಿ ನಿಧಾನವಾದವು. (ಮೇ ತಿಂಗಳು. ಡೊಂಬಿವಲಿ. ನೀವೇ ಊಹಿಸಿ.) ಲಿಫ್ಟು ಯಾವುದೋ ಮಾಳಿಗೆಯಲ್ಲಿ ನಿದ್ದೆಹೋಯಿತು. ಇಡೀ ಕಟ್ಟಡ ಮೆಲ್ಲಗೆ ನೀರೊಳಗೆ ಇಳಿದಂತೆ. ಕಿಟಕಿಯ ಬಿಸಿಲಲ್ಲಿ ಧೂಳಿನ ಕಣಗಳು ಸದ್ದಾಗಬಾರದೆಂದು ತೇಲುತ್ತಿದ್ದವು.

ಹಾಡಲೆಂದೇ ಪಕ್ಕದ ಶಹಾಡ್ ಊರಿನಿಂದ ಬಂದಿದ್ದ ಅಜ್ಜಿಯೊಬ್ಬರು ಜೋಗುಳ ಎತ್ತಿದರು. ದೂರದಲ್ಲಿ ಲೋಕಲ್ ರೈಲು ಬಂತು. (ಅದಕ್ಕೆ ಟವೆಲ್ ಕಾಣಿಸುವುದಿಲ್ಲ.) ಅಜ್ಜಿ ನಿಲ್ಲಿಸಿ ಕಾದರು, ಗಾಡಿ ಹೋದಮೇಲೆ ಅದೇ ಸಾಲಿಗೆ ಮರಳಿದರು. ಇಪ್ಪತ್ತೆರಡು ಮನೆ ಉಸಿರು ಹಿಡಿದು, ಎಲ್ಲಿಯೂ ಇಲ್ಲದ ಒಂದು ಮಗುವನ್ನು ಮಲಗಿಸುತ್ತಿದ್ದವು. ನನ್ನ ಕಣ್ಣೂ ಎಳೆಯಿತು. ವಾದ ಮಾಡಬೇಕೆಂದು ಒಮ್ಮೆಯೂ ಅನಿಸಲಿಲ್ಲ. ನನಗೆ!

ಟವೆಲ್ ಒಳಗೆ ಬಂದದ್ದೇ ಚಟ್ನಿಯ ಉಳಿದರ್ಧ ಶುರುವಾಯಿತು.

ಅಂದೇ ಭಾಷಣ ಮತ್ತೆ ಬರೆದೆ. ನಮಸ್ಕಾರ ತೆಗೆದೆ, ವಿಶೇಷಣಗಳನ್ನೆಲ್ಲ ಕಿತ್ತೆ, ಹದಿನೆಂಟೂ ಹೆಸರು ವಾಪಸ್ ಸೇರಿಸಿದೆ. ಗಡಿಯಾರ ಹಿಡಿದು ಓದಿಸಿದರೆ ನಲವತ್ತೊಂದು ಸೆಕೆಂಡ್. ಮಾವ ಬಾಯಿಪಾಠ ಮಾಡಿದರು.

ಸಭಾಂಗಣದಲ್ಲಿ ಕೂಗಿದ್ದು ಬೇರೆ ಹೆಸರು.

ನಾನು ಸಿಡಿದೆ. ಅನ್ಯಾಯ, ಮೋಸ, ಇವರಿಗೆ ಕಿವಿ ಇದೆಯಾ? (ಬೊಗಳೆ ಎಂದು ನಾನೇ ಕರೆದ ಪ್ರಶಸ್ತಿ ಕೈತಪ್ಪಿದರೆ ನನಗೇಕೆ ಉರಿ? ಎದುರು ತಂಡ ಕೇಳಬೇಕಾದ ಪ್ರಶ್ನೆ. ಉತ್ತರ ನನ್ನಲ್ಲಿಲ್ಲ.) ಗೆದ್ದ ಮಹಾಶಯ "ಎಲ್ಲಾ ದೇವರ ದಯೆ" ಎಂದು ಹತ್ತೇ ಸೆಕೆಂಡಿನಲ್ಲಿ ಇಳಿದುಬಂದ. ಉಳಿದ ಮೂವತ್ತೈದು ಸೆಕೆಂಡ್ ಮೈಕು ಸುಮ್ಮನೆ ನಿಂತಿತ್ತು. ಮಾವ ಅದನ್ನೇ ನೋಡುತ್ತಿದ್ದರು.

ಸಂಜೆ ಬಿಲ್ಡಿಂಗ್ ಗೇಟಿನಲ್ಲಿ ಹೆಂಗಸರು ಕಾಯುತ್ತಿದ್ದರು. ಮೂರನೇ ಮಾಳಿಗೆಯ ಸುಮತಿಯಕ್ಕ ಮುಂದೆ ಬಂದರು. ಮಾವ ತಲೆ ಎತ್ತಲಿಲ್ಲ.

"ಯಾರ ಹೆಸ್ರೂ ಹೇಳ್ಲಿಕ್ಕೆ ಆಗ್ಲಿಲ್ಲ ಸುಮತಿ. ಸೋತವ್ರಿಗೆ ಮೈಕ್ ಕೊಡೂದಿಲ್ಲ."

"ಇರ್ಲಿ ಬಿಡಿ ವಾಸಣ್ಣ. ಗೆದ್ದವ್ನು ಯಾರಿಗೆ ಥ್ಯಾಂಕ್ಸ್ ಹೇಳಿದ?"

"ದೇವರಿಗೆ" ಎಂದೆ ನಾನು.

ಸುಮತಿಯಕ್ಕ ಬಿ ವಿಂಗಿನ ಕಿಟಕಿಗಳತ್ತ ಕತ್ತೆತ್ತಿದರು.

"ಹೌದಾ? ಅವ್ರದ್ದು ಎಷ್ಟನೇ ಮಾಳಿಗೆ?"