ಇಸ್ತ್ರಿ ಅಕ್ಕನ ಶುಕ್ರವಾರದ ಹಲಗೆ

ಬೆಳಗಿನ ಐದೂವರೆ. ಟಾಕೀಸಿನ ಎದುರು, ಮಹಡಿ ಮೆಟ್ಟಿಲಿನ ಕೆಳಗಿನ ಸಂದಿಯಲ್ಲಿ ಇಸ್ತ್ರಿ ಅಕ್ಕ ಇದ್ದಿಲಿಗೆ ಬೆಂಕಿ ತಾಗಿಸುತ್ತಿದ್ದಾರೆ. ಒಬ್ಬರು ನಿಂತರೆ ಇನ್ನೊಬ್ಬರು ಹೊರಗೇ ಉಳಿಯಬೇಕು, ಅಷ್ಟೇ ಜಾಗ. ಹಳೆಯ ಕ್ಯಾಲೆಂಡರಿನ ರಟ್ಟಿನಿಂದ ಬೀಸುತ್ತಾ, ಕೆಂಡ ಕೆಂಪಾದ ಮೇಲೆ ಒಂದೊಂದನ್ನೇ ಇಕ್ಕಳದಲ್ಲಿ ಎತ್ತಿ ಇಸ್ತ್ರಿಪೆಟ್ಟಿಗೆಯ ಹೊಟ್ಟೆಗೆ ಇಳಿಸುತ್ತಾರೆ. ಮುಚ್ಚಳ ಬಿಗಿದು, ತಳಕ್ಕೆ ಒಂದು ಹನಿ ನೀರು ಚಿಮುಕಿಸಿ ಕಿವಿಗೊಡುತ್ತಾರೆ. "ಚುಂಯ್ ಅಂತ ಚುರುಕಾಗಿ ಹೇಳಬೇಕು. ಎಳೆದೆಳೆದು ಹೇಳಿದರೆ ಇನ್ನೂ ನಿದ್ದೆಗಣ್ಣಲ್ಲಿದೆ ಅಂತ ಅರ್ಥ" ಎನ್ನುತ್ತಾರೆ.

ಇವತ್ತು ಪೆಟ್ಟಿಗೆಗೆ ನಿದ್ದೆ ಮಾಡಲು ಪುರುಸೊತ್ತಿಲ್ಲ. ಶುಕ್ರವಾರ. ಬೇರೆ ದಿನ ಸಂಜೆಯೊಳಗೆ ನೂರ ನಲವತ್ತು ಬಟ್ಟೆ ಮುಗಿಸುವ ಅಕ್ಕ, ಶುಕ್ರವಾರ ಹತ್ತು ಗಂಟೆಯೊಳಗೇ ಎಂಬತ್ತು ಮುಗಿಸುತ್ತಾರೆ. ಹತ್ತೂವರೆಗೆ ಎದುರಿನ ಟಾಕೀಸಿನಲ್ಲಿ ಹೊಸ ಸಿನಿಮಾದ ಮೊದಲ ಆಟ. ಅಂಗಡಿಗೆ ಪರದೆ ಎಳೆದು, ಸಾಲಿನಲ್ಲಿ ನಿಂತು ಟಿಕೆಟ್ ತೆಗೆದುಕೊಂಡು, ನಡುವಿನ ಸಾಲಿನ ತುದಿಯ ಕುರ್ಚಿಯಲ್ಲಿ ಕೂರುತ್ತಾರೆ. ಮಧ್ಯಾಹ್ನ ಹೊರಬಂದು, ಅಂಗಡಿಯ ಪಕ್ಕ ತೂಗುಹಾಕಿದ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಮೂರು ಸಾಲು ಬರೆಯುತ್ತಾರೆ. ಸಿನಿಮಾ ಹೇಗಿದೆ, ಯಾರನ್ನು ಕರೆದುಕೊಂಡು ಹೋಗಬೇಕು, ಎಲ್ಲಿಯವರೆಗೆ ಕೂರಬಹುದು. ಕಥೆ ಮಾತ್ರ ಬಿಟ್ಟುಕೊಡುವುದಿಲ್ಲ.

ಮೂವತ್ತೇಳು ವರ್ಷಗಳಿಂದ ಈ ಬೀದಿಯ ಮನೆಗಳು ಆ ಮೂರು ಸಾಲು ಓದಿಯೇ ಸಿನಿಮಾಕ್ಕೆ ಹೊರಡುತ್ತವೆ, ಇಲ್ಲವೇ ಹೊರಡದೆ ಉಳಿಯುತ್ತವೆ. ಗುರುವಾರ ರಾತ್ರಿ ಹಲಗೆ ಒರೆಸಿದರೆ ಮುಗಿಯಿತು, ಬರೆದದ್ದಕ್ಕೆ ಗುರುತೂ ಇರುವುದಿಲ್ಲ. ಶಾಲೆಯಿಂದ ಬರುವಾಗ ಅದನ್ನು ಓದಿಕೊಂಡು ಬಂದು ಅಮ್ಮನಿಗೆ ಹೇಳುವ ಕೆಲಸ ನನ್ನದಾಗಿತ್ತು. ದಾರಿಯಲ್ಲಿ ಮರೆತುಹೋಗುತ್ತದೆಂದು ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಹಾಗಾಗಿ ಕೆಲವು ಉಳಿದಿವೆ.

"ಮೊದಲರ್ಧ ಗರಿಗರಿ. ಎರಡನೆಯರ್ಧ ಹಿಂಡಿಟ್ಟು ಮರೆತ ಬಟ್ಟೆ. ಇಂಟರ್‌ವಲ್‌ನಲ್ಲಿ ಎದ್ದು ಬಂದರೆ ಏನೂ ನಷ್ಟ ಇಲ್ಲ."

"ಐವತ್ತು ಜನರನ್ನು ಹೊಡೆದರೂ ಹೀರೋ ಅಂಗಿಯ ಮಡಿಕೆ ಕೆಡಲಿಲ್ಲ. ಆ ಅಂಗಿ ಇಸ್ತ್ರಿ ಮಾಡಿದವರಿಗೆ ನನ್ನ ನಮಸ್ಕಾರ. ಸಿನಿಮಾ ಬೇಡ."

"ಅಮ್ಮನನ್ನು ಕರೆದುಕೊಂಡು ಹೋಗಿ. ಅಮ್ಮ ಇಲ್ಲದವರು ಕೊನೇ ಸಾಲಿನಲ್ಲಿ ಕೂರಿ. ಪೂರ್ತಿ ನೋಡಿ."

ಈಗ ಪೇಪರಿಗೆ ಅವರ ಬಗ್ಗೆ ಬರೆಯಲು ಬಂದ ನಾನು ಮೂರನೆಯದನ್ನು ಓದಿ ಕೇಳಿಸಿದಾಗ ಅಕ್ಕ ಕೈಯಲ್ಲಿದ್ದ ಕಾಲರನ್ನು ಎರಡು ಸಲ ಉಜ್ಜಿದರು. "ಅದನ್ನೂ ಬರ್ಕೊಂಡಿದ್ಯಾ? ನಮ್ಮಮ್ಮ ತೀರಿಕೊಂಡ ವರ್ಷ ಬಂದ ಸಿನಿಮಾ ಅದು."

ಈ ಅಂಗಡಿ ಮೊದಲು ಅವರ ಅಮ್ಮನದು. ಅಮ್ಮನಿಗೆ ಸಿನಿಮಾ ಎಂದರೆ ಪ್ರಾಣ, ಆದರೆ ಕೆಂಡ ತುಂಬಿದ ಪೆಟ್ಟಿಗೆ ಬಿಟ್ಟು ಮೂರು ಗಂಟೆ ಕೂರುವ ಹಾಗಿರಲಿಲ್ಲ. ಅದಕ್ಕೆ ಮಗಳನ್ನು ಕಳಿಸುತ್ತಿದ್ದರು. ಮಗಳು ಬಂದು, ಅಮ್ಮ ಇಸ್ತ್ರಿ ಮಾಡುತ್ತಿರುವಾಗ ಪಕ್ಕದಲ್ಲಿ ನಿಂತು ಮೊದಲಿನಿಂದ ಕೊನೆಯವರೆಗೂ ಹೇಳಬೇಕು. ಬಟ್ಟೆಗೆ ಬಂದವರೂ ನಿಂತುಬಿಡುತ್ತಿದ್ದರು. "ಹಾಡು ಬಂದರೆ ಹಾಡಿಯೇ ತೋರಿಸಬೇಕಿತ್ತು. ಅತ್ತರೆ ಅಳಬೇಕಿತ್ತು. ಟಾಕೀಸಿಗಿಂತ ನಮ್ಮ ಅಂಗಡಿ ಮುಂದೆನೇ ಜನ ಜಾಸ್ತಿ" ಎಂದು ನಗುತ್ತಾರೆ.

ಒಂದು ಶುಕ್ರವಾರ ನಾಯಕಿ ರೈಲು ಹತ್ತುವ ಘಟ್ಟಕ್ಕೆ ಕಥೆ ಬಂದಾಗ, ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ ಅಮ್ಮನ ಕೈ ಅಲ್ಲಾಡದೆ ನಿಂತುಬಿಟ್ಟಿತು. ಕೆಳಗಿದ್ದದ್ದು ಬೀದಿಯ ಲೆಕ್ಕದ ಮೇಷ್ಟ್ರ ಮದುವೆಯ ಬಿಳಿ ಅಂಗಿ. ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆಯ ತಳ ಇದ್ದ ಹಾಗೇ ಕಂದು ಬಣ್ಣದಲ್ಲಿ ಮೂಡಿತು. ಆ ಅಂಗಿ ಇವತ್ತಿಗೂ ಅಂಗಡಿಯ ಮೊಳೆಯಲ್ಲಿ ತೂಗುತ್ತಿದೆ. ಮೇಷ್ಟ್ರು ಬಾಯಿಗೆ ಬಂದ ಹಾಗೆ ಬೈದು, ಹೋಗುವ ಮುಂಚೆ "ಅದಿರಲಿ, ರೈಲು ಹತ್ತಿದಳೋ ಇಲ್ಲವೋ?" ಎಂದು ಕೇಳಿದರಂತೆ. ಅಂದೇ ಅಮ್ಮ ಕಟ್ಟಪ್ಪಣೆ ಮಾಡಿದರು. ಇನ್ನು ಬಾಯಲ್ಲಿ ಹೇಳುವುದು ಬೇಡ, ಬರೆದು ಹಾಕು. ಅದೂ ಮೂರೇ ಸಾಲು. ಮುಚ್ಚಿಹೋದ ಟ್ಯೂಷನ್ ಮನೆಯೊಂದರಿಂದ ಹಲಗೆ ತಂದದ್ದೂ ಅಮ್ಮನೇ.

ಅಕ್ಕನಿಗೀಗ ಐವತ್ತೆಂಟು. ಆರು ಕಿಲೋ ತೂಕದ ಪೆಟ್ಟಿಗೆ ಎಳೆದು ಎಳೆದು ಬಲ ಭುಜ ಎಡಭುಜಕ್ಕಿಂತ ತುಸು ಕೆಳಗಿಳಿದಿದೆ. ಮಣಿಕಟ್ಟಿನ ಮೇಲೆ ಸುಟ್ಟ ಗುರುತುಗಳಿವೆ, ಎಷ್ಟೆಂದು ಎಣಿಸುವುದನ್ನು ಬಿಟ್ಟಿದ್ದಾರೆ. ಗಂಡ ತೀರಿಕೊಂಡು ಹನ್ನೊಂದು ವರ್ಷ. ಅವರು ಪ್ರತಿ ಶುಕ್ರವಾರ ಜೊತೆಗೆ ಬರುತ್ತಿದ್ದರು, ಸಿನಿಮಾ ನೋಡಲು ಅಲ್ಲ. "ಟಾಕೀಸಲ್ಲಿ ಬರೋ ನಿದ್ದೆ ಅವರಿಗೆ ಮನೇಲಿ ಬರ್ತಿರಲಿಲ್ಲ. ಆದರೆ ಅವರು ನಿದ್ದೆ ಮಾಡದೆ ಎದ್ದು ಕೂತ್ರು ಅಂದ್ರೆ ಆ ಸಿನಿಮಾ ನೂರು ದಿನ ಓಡ್ತಿತ್ತು. ನನ್ನ ಕಣ್ಣು ಮೋಸ ಹೋಗಿದೆ, ಅವರ ನಿದ್ದೆ ಯಾವತ್ತೂ ಮೋಸ ಹೋಗಿಲ್ಲ."

ಕಣ್ಣು ಮೋಸ ಹೋದ ಪ್ರಸಂಗವೊಂದು ಇಲ್ಲಿ ಹೇಳಲೇಬೇಕು. ರೀಲುಗಳ ಕಾಲ ಅದು. ಒಂದು ಮೊದಲ ಆಟದಲ್ಲಿ, ಗುಂಡೇಟಿಗೆ ಸತ್ತ ಅಣ್ಣ ಹತ್ತು ನಿಮಿಷದ ನಂತರ ಅಡುಗೆಮನೆಯಲ್ಲಿ ಕೂತು ಟೀ ಕುಡಿಯುತ್ತಿದ್ದ. ಅಕ್ಕ ಬೆರಗಾಗಿ ಬಂದು, ಕಥೆ ಬಿಟ್ಟುಕೊಡಬಾರದೆಂಬುದನ್ನೂ ಮರೆತು ಬರೆದರು: "ಸತ್ತವನು ತಿರುಗಿ ಬರುತ್ತಾನೆ. ಯಾಕೆ ಅಂತ ಯಾರೂ ಹೇಳುವುದಿಲ್ಲ, ಅದೇ ಚೆಂದ. ಎಲ್ಲರೂ ನೋಡಿ." ಬೀದಿಗೆ ಬೀದಿಯೇ ಮಧ್ಯಾಹ್ನದ ಆಟಕ್ಕೆ ನುಗ್ಗಿತು. ಸತ್ತವನು ಸತ್ತೇ ಇದ್ದ. ಬೆಳಿಗ್ಗೆ ಟಾಕೀಸಿನ ಪ್ರೊಜೆಕ್ಟರ್ ಓಡಿಸುವ ಆಪರೇಟರು ಒಂಬತ್ತನೇ ರೀಲನ್ನು ಎಂಟಕ್ಕಿಂತ ಮೊದಲು ಹಾಕಿಬಿಟ್ಟಿದ್ದರು.

ಆಪರೇಟರು ಆಗ ಕೆಲಸಕ್ಕೆ ಸೇರಿ ತಿಂಗಳಾಗಿರಲಿಲ್ಲ. ಸಂಗತಿ ಮಾಲೀಕರ ಕಿವಿಗೆ ಬಿದ್ದರೆ ಅವತ್ತೇ ಮನೆಗೆ. ಜನ ಅಂಗಡಿ ಮುಂದೆ ಬಂದು "ಎಲ್ಲಿ ಎದ್ದ ನಿಮ್ಮ ಸತ್ತವನು?" ಎಂದು ಗದ್ದಲ ಮಾಡುವಾಗ ಅಕ್ಕ ಹಲಗೆ ಒರೆಸಿ ಹೊಸದಾಗಿ ಬರೆದರು: "ನನಗೆ ನಿದ್ದೆ ಹತ್ತಿತ್ತು. ಕನಸು ಬಿದ್ದಿರಬೇಕು. ತಪ್ಪು ನನ್ನದು." ಬೀದಿ ವರ್ಷಗಟ್ಟಲೆ ಅದನ್ನೇ ಹಿಡಿದು ಆಡಿಕೊಂಡಿತು. "ಇದನ್ನ ಈಗ ಬರೀಬಹುದಮ್ಮ. ಆ ಮಾಲೀಕರೂ ಇಲ್ಲ, ನಾನೂ ಮುದುಕನಾದೆ" ಎಂದು ಅನುಮತಿ ಕೊಟ್ಟವರು ಆಪರೇಟರೇ. ಅವರಿಗೀಗ ಅರವತ್ತಮೂರು, ಇನ್ನೂ ಅದೇ ಟಾಕೀಸಿನ ಮೇಲಿನ ಕೋಣೆಯಲ್ಲಿದ್ದಾರೆ. ರೀಲು ಹೋಗಿ ಹೊಸ ಯಂತ್ರ ಬಂದಿದೆ. ಎಂಟು ಒಂಬತ್ತರ ಗೊಂದಲ ಇಲ್ಲ.

ಈಗಿರುವ ಗೊಂದಲ ಬೇರೆ. ನಾನೂರ ಇಪ್ಪತ್ತು ಕುರ್ಚಿಗಳ ಟಾಕೀಸಿನಲ್ಲಿ ಕಳೆದ ಕೆಲವು ವಾರಗಳಿಂದ ಒಂದು ಆಟಕ್ಕೆ ಹದಿನೈದು ಇಪ್ಪತ್ತು ಜನ. ಈಗಿನ ಮಾಲೀಕರು, ಹಿಂದಿನವರ ಮಗ, ಒಳ್ಳೆಯವರೇ. ಟಿಕೆಟ್ ಕೊಡುವವರು ಬಿಟ್ಟು ಹೋದ ಮೇಲೆ ತಾವೇ ಕಿಂಡಿಯಲ್ಲಿ ಕೂರುತ್ತಾರೆ. ಅವರು ಆಪರೇಟರಿಗೆ ಹೇಳಿಬಿಟ್ಟಿದ್ದಾರೆ: ಈ ವಾರದ ಸಿನಿಮಾಕ್ಕೆ ಶನಿವಾರ ಸಂಜೆಯ ಆಟದಲ್ಲಾದರೂ ನೂರು ಜನ ಕೂರದಿದ್ದರೆ ತಿಂಗಳ ಕೊನೆಗೆ ಬಾಗಿಲು ಮುಚ್ಚುವುದು.

ಮಧ್ಯಾಹ್ನ ಒಂದೂವರೆ. ಅಕ್ಕ ಮೊದಲ ಆಟ ಮುಗಿಸಿ ಬರುತ್ತಾರೆ. ಮುಖ ನೋಡಿದರೇ ಗೊತ್ತಾಗುತ್ತದೆ. ಹಿಂದೆಯೇ ಆಪರೇಟರು ರಸ್ತೆ ದಾಟುತ್ತಾರೆ.

"ಹೇಗಿತ್ತು ತಂಗಿ?"

"ನೀವೂ ನೋಡಿದ್ರಲ್ಲ ಅಣ್ಣ."

"ನಾನು ನೋಡೋದು ಮೇಲಿನ ಕಿಂಡಿಯಿಂದ. ಅದು ಲೆಕ್ಕಕ್ಕಿಲ್ಲ."

"ಕಿಂಡಿಯಿಂದ ಚೆನ್ನಾಗಿತ್ತಾ?"

"ಕಿಂಡಿಯಿಂದ ಇನ್ನೂ ಕೆಟ್ಟದಾಗಿತ್ತು" ಎಂದು ಆಪರೇಟರು ಒಪ್ಪಿಕೊಳ್ಳುತ್ತಾರೆ.

ಅಣ್ಣ ತಮ್ಮನ ಸಿನಿಮಾ, ಎರಡೂ ಪಾತ್ರಕ್ಕೆ ಒಬ್ಬನೇ ನಟ. "ಇಬ್ಬರೂ ಎದುರುಬದುರು ನಿಂತಾಗ ಒಬ್ಬನೂ ಇನ್ನೊಬ್ಬನ ಕಣ್ಣು ನೋಡಲ್ಲ. ಅಣ್ಣ ತಮ್ಮನ ಕಿವಿ ನೋಡ್ತಾನೆ, ತಮ್ಮ ಗೋಡೆ ನೋಡ್ತಾನೆ. ಅಷ್ಟು ಪ್ರೀತಿ ಇರೋರು ಹಾಗೆ ಮಾತಾಡ್ತಾರಾ?" ಎನ್ನುವ ಅಕ್ಕನಿಗೆ ನಿಜಕ್ಕೂ ಬೇಸರವಾಗಿದೆ. ನಲವತ್ತು ವರ್ಷ ಶುಕ್ರವಾರ ತಪ್ಪಿಸದವರ ಬೇಸರ ಅದು, ಹತ್ತಿರದವರು ಮಾತು ತಪ್ಪಿದಾಗ ಆಗುವಂಥದ್ದು.

ಆಪರೇಟರು ಸೀಮೆಸುಣ್ಣದ ಡಬ್ಬಿಯನ್ನು ತಾವೇ ಎತ್ತಿ ಕೊಡುತ್ತಾರೆ. "ಒಂದು ಸಲ ಚೆನ್ನಾಗಿದೆ ಅಂತ ಬರೆದುಬಿಡು. ಫೋನ್ ನೋಡ್ಕೊಂಡು ಬರೋರು ನಮ್ಮ ಟಾಕೀಸಿಗೆ ಹೇಗೂ ಬರಲ್ಲ. ಬರೋರೆಲ್ಲ ನಿನ್ನ ಹಲಗೆ ನೋಡಿ ಬರೋರೇ. ಅವತ್ತು ನನಗೋಸ್ಕರ ಒಂದು ಸುಳ್ಳು ಬರೀಲಿಲ್ವಾ?"

"ಬರೆದೆ. ಅದು ನನ್ನ ಬಗ್ಗೆ ಬರೆದ ಸುಳ್ಳು ಅಣ್ಣ. ಸಿನಿಮಾ ಬಗ್ಗೆ ಅಲ್ಲ."

ಆಪರೇಟರು ಮೆಟ್ಟಿಲ ತುದಿಯಲ್ಲಿ ಕೂತು ಟಾಕೀಸಿನ ಕಡೆ ನೋಡುತ್ತಾರೆ. ಗೋಡೆಯ ಬಣ್ಣ ಪದರ ಪದರವಾಗಿ ಎದ್ದಿದೆ. ಹಳೆಯ ಹಸಿರಿನ ಒಳಗೆ ಅದಕ್ಕೂ ಹಳೆಯ ನೀಲಿ ಇಣುಕುತ್ತಿದೆ. ಆ ನೀಲಿ ಗೋಡೆಗೆ ಒರಗಿಯೇ ಅಕ್ಕ ಮೊದಲ ಸಲ ಟಿಕೆಟ್ ಸಾಲಿನಲ್ಲಿ ನಿಂತದ್ದು. ಅಮ್ಮ ಕೊಟ್ಟ ಚಿಲ್ಲರೆ ಅಂಗೈಯಲ್ಲಿ ಬೆವರಿತ್ತಂತೆ.

ಅಕ್ಕ ಮೂರು ಅಂಗಿ ಇಸ್ತ್ರಿ ಮಾಡುತ್ತಾರೆ. ತೋಳು, ಕಾಲರು, ಬೆನ್ನು. ಆಮೇಲೆ ಪೆಟ್ಟಿಗೆಯನ್ನು ಕಲ್ಲಿನ ಮೇಲೆ ನಿಲ್ಲಿಸಿ, ಕೈ ಒರೆಸಿಕೊಂಡು ಹಲಗೆಯ ಮುಂದೆ ನಿಲ್ಲುತ್ತಾರೆ. ಬರೆಯುತ್ತಾರೆ:

"ಸಿನಿಮಾ ಚೆನ್ನಾಗಿಲ್ಲ. ಎರಡೂ ಅರ್ಧ ಸುಕ್ಕು.
ನಾಳೆ ಸಂಜೆ ಆಟಕ್ಕೆ ನಾನು ಇನ್ನೊಂದು ಸಲ ಹೋಗುತ್ತೇನೆ.
ಒಬ್ಬಳೇ ಕೂರೋದಕ್ಕೆ ಬೇಜಾರು. ಜೊತೆಗೆ ಬರುವವರು ಬನ್ನಿ."

ಆಪರೇಟರು ಎರಡು ಸಲ ಓದಿ, ಮಧ್ಯಾಹ್ನದ ಆಟಕ್ಕೆ ಹೊತ್ತಾಯಿತೆಂದು ಎದ್ದು ಹೋಗುತ್ತಾರೆ.

ಸಂಜೆಯವರೆಗೂ ಜನ ಬಂದು ಓದುತ್ತಾರೆ, ತಲೆ ಕೆರೆದುಕೊಳ್ಳುತ್ತಾರೆ. ಸುಟ್ಟ ಅಂಗಿಯ ಅದೇ ಲೆಕ್ಕದ ಮೇಷ್ಟ್ರು, ಈಗ ಕೋಲೂರಿಕೊಂಡು ನಡೆಯುವವರು, ಕನ್ನಡಕ ಸರಿಮಾಡಿಕೊಂಡು ಕೇಳುತ್ತಾರೆ: "ಚೆನ್ನಾಗಿಲ್ಲ ಅಂತಲೂ ಬರೀತೀಯ, ಬನ್ನಿ ಅಂತಲೂ ಕರೀತೀಯ. ಇದ್ಯಾವ ಲೆಕ್ಕ ಕಣಮ್ಮ?"

"ಲೆಕ್ಕ ನಿಮ್ಮದು ಮೇಷ್ಟ್ರೇ, ನೀವೇ ಹಾಕ್ಕೊಳ್ಳಿ. ನಿಮ್ಮ ಕೋಟು ನಾಳೆ ಐದು ಗಂಟೆಗೆ ರೆಡಿ ಇರುತ್ತೆ."

"ನಾನು ಕೋಟು ಕೊಟ್ಟೇ ಇಲ್ವಲ್ಲ."

"ಕೊಟ್ಟು ಹೋಗಿ ಮತ್ತೆ."

ಶನಿವಾರ ಸಂಜೆ ಐದೂಮುಕ್ಕಾಲು. ಟಾಕೀಸಿನ ಮುಂದೆ ಮೊದಲು ಬಂದು ನಿಂತವರು ಕೋಟು ತೊಟ್ಟ ಮೇಷ್ಟ್ರೇ. ಆಮೇಲೆ ಔಷಧಿ ಅಂಗಡಿಯವರು ಹೆಂಡತಿಯ ಜೊತೆ. ಆಮೇಲೆ ಬಸ್ ಕಂಡಕ್ಟರ್, ಸಮವಸ್ತ್ರದಲ್ಲೇ. ನನ್ನ ಅಮ್ಮ, ಪಕ್ಕದ ಮನೆಯ ಚಿಕ್ಕಮ್ಮನ ಕೈ ಹಿಡಿದುಕೊಂಡು. ವರ್ಷಗಳಿಂದ ಟಾಕೀಸಿನ ಮೆಟ್ಟಿಲು ಹತ್ತದವರೆಲ್ಲ ಹತ್ತುತ್ತಿದ್ದಾರೆ. ಅಕ್ಕ ಬಾಗಿಲ ಪಕ್ಕ ನಿಂತು ಮುಖಕ್ಕಿಂತ ಮೊದಲು ಬಟ್ಟೆ ನೋಡುತ್ತಾರೆ. "ಎಲ್ಲಾ ನನ್ನ ಕೈಯಲ್ಲಿ ಇಸ್ತ್ರಿಯಾಗಿ ಹೋದವೇ" ಎಂದು ಮೆಲ್ಲಗೆ ಹೇಳುತ್ತಾರೆ. ಟಿಕೆಟ್ ಕಿಂಡಿಯಿಂದ ಮಾಲೀಕರು ತಲೆ ಹೊರಹಾಕಿ ಸಾಲು ಎಲ್ಲಿ ಮುಗಿಯುತ್ತದೆಂದು ಹುಡುಕುತ್ತಾರೆ.

ದೀಪ ಆರುತ್ತದೆ. ಸಿನಿಮಾ ನಿಜಕ್ಕೂ ಚೆನ್ನಾಗಿಲ್ಲ. ಆದರೆ ಅಣ್ಣ ತಮ್ಮನ ಕಿವಿ ನೋಡುತ್ತಾ ಕಣ್ಣೀರು ಹಾಕುವಾಗ ಹಿಂದಿನ ಸಾಲಿನಿಂದ ಯಾರೋ "ಲೋ ತಮ್ಮ, ಗೋಡೆ ಬಿಟ್ಟು ಈ ಕಡೆ ನೋಡೋ, ಅಣ್ಣ ಇಲ್ಲಿದ್ದಾನೆ" ಎನ್ನುತ್ತಾರೆ. ಇಡೀ ಟಾಕೀಸು ಹೊಟ್ಟೆ ಹಿಡಿದುಕೊಂಡು ನಗುತ್ತದೆ. ಹೊಡೆದಾಟದಲ್ಲಿ ಮೇಷ್ಟ್ರು ಗಟ್ಟಿಯಾಗಿ ಹೊಡೆತ ಎಣಿಸುತ್ತಾರೆ. ಇಷ್ಟು ಜನ ಒಂದೇ ಕತ್ತಲೆಯಲ್ಲಿ ಒಟ್ಟಿಗೆ ನಗುವುದನ್ನು ಕೇಳಿ ಎಷ್ಟು ವರ್ಷವಾಯಿತೋ. ತಿರುಗಿ ನೋಡಿದರೆ, ಬೆಳಕು ಬರುವ ಮೇಲಿನ ಕಿಂಡಿಯಲ್ಲಿ ಆಪರೇಟರ ಮುಖ. ಅವರು ಪರದೆ ನೋಡುತ್ತಿಲ್ಲ, ಕುರ್ಚಿಗಳನ್ನು ನೋಡುತ್ತಿದ್ದಾರೆ.

ಆಟ ಬಿಟ್ಟ ಮೇಲೆ ಮಾಲೀಕರು ಬಾಗಿಲಲ್ಲೇ ಸಿಗುತ್ತಾರೆ. "ನೂರ ಹದಿನಾಲ್ಕು. ಮುಂದಿನ ಶುಕ್ರವಾರಕ್ಕೂ ಒಂದು ಹೊಸ ಸಿನಿಮಾ ಹೇಳಿದ್ದೀನಿ."

"ತಿಂಗಳ ಕೊನೆ?" ಎಂದು ಅಕ್ಕ ಕೇಳುತ್ತಾರೆ.

"ತಿಂಗಳ ಕೊನೆಗೆ ಮುಚ್ಚಲ್ಲ. ಅದರಾಚೇದು ನಿಮ್ಮ ಹಲಗೆ ನೋಡ್ಕೊಂಡು ಹೇಳ್ತೀನಿ."

ರಸ್ತೆ ದಾಟುವಾಗ, ನಿಮ್ಮ ಆಸೆ ಏನು ಅಕ್ಕ ಎಂದು ನಾನು ಕೇಳುತ್ತೇನೆ. ಇಂಥ ಬರಹಕ್ಕೆ ಕೇಳಬೇಕಾದ ಪ್ರಶ್ನೆ ಅದು. ಎರಡು ದಿನದಿಂದ ಕೇಳಲು ಬಾಯಿ ಬಂದಿರಲಿಲ್ಲ.

"ಮುಂದಿನ ವಾರದ್ದಾದರೂ ಒಳ್ಳೆ ಸಿನಿಮಾ ಆಗಿರಲಿ. ಚೆನ್ನಾಗಿದೆ ಅಂತ ಬರೆದು ಐದು ವಾರ ಆಯ್ತು. ಆ ಒಂದು ಪದ ಬರೆಯೋ ದಿನ ಭುಜದ ನೋವೂ ಗೊತ್ತಾಗಲ್ಲ ನೋಡು."

ಅಂಗಡಿಯ ಪರದೆ ಬಿಗಿದು ಕಟ್ಟಿ, ನಾಲ್ಕು ಹೆಜ್ಜೆ ನಡೆದವರು ತಿರುಗಿ ನಿಲ್ಲುತ್ತಾರೆ.

"ಪೇಪರಲ್ಲಿ ಏನು ಬೇಕಾದ್ರೂ ಬರೀ ಮಗಳೇ. ಜನ ಬಂದರು ಅಂತ ಬರೀ, ನಕ್ಕರು ಅಂತ ಬರೀ. ಸಿನಿಮಾ ಚೆನ್ನಾಗಿತ್ತು ಅಂತ ಮಾತ್ರ ಬರೀಬೇಡ."