ಸೌಕಾರ್‌ಪೇಟೆಯ ಬಾಗಿಲು ಮತ್ತು ನನ್ನ ಲ್ಯಾಪ್‌ಟಾಪ್

ಕೆಲಸಕ್ಕೆ ಸೇರಿದ ಮೊದಲ ಸಂಜೆ, ಮನೆಗೆ ಹೊರಟವಳನ್ನು ಬಾಗಿಲಲ್ಲಿ ನಿಲ್ಲಿಸಿ, ಗುರುತು ಪರಿಚಯವಿಲ್ಲದ ಹೆಂಗಸೊಬ್ಬಳು ನನ್ನ ಅಂಗಾಲನ್ನು ಬ್ರಷ್ಷಿನಿಂದ ಗುಡಿಸಿದಳು. "ಕಾಲ್ ತೂಕ್ಕು ಮ್ಮಾ" ಅಂದಳು. ಕಾಲೆತ್ತು ಅಂತ. ಕೊಕ್ಕರೆಯ ಹಾಗೆ ಒಂಟಿ ಕಾಲಲ್ಲಿ ನಿಂತೆ. ಚೂಡಿದಾರದ ಅಂಚು, ಉಗುರಿನ ಸಂದಿ, ಎಲ್ಲ ಆಯಿತು. ಉದುರಿದ್ದೆಲ್ಲ ಒಂದು ತಟ್ಟೆಗೆ ಹೋಯಿತು.

ಇದು ಮದರಾಸಿನ ಸೌಕಾರ್‌ಪೇಟೆಯ ಪಟ್ಟರೈ, ಅಂದರೆ ಚಿನ್ನದ ಕೆಲಸದ ಮನೆ. ಕಸದಲ್ಲೂ ಬಂಗಾರದ ಪುಡಿ ಇರುತ್ತದೆಂದು ಎಲ್ಲರನ್ನೂ ಜಾಡಿಸಿಯೇ ಕಳಿಸುತ್ತಾರೆ. ನಾನು ಚಿನ್ನ ಮುಟ್ಟುವವಳೇ ಅಲ್ಲ. ಒಡವೆಯನ್ನು ಕಂಪ್ಯೂಟರಿನಲ್ಲಿ ಎಲ್ಲ ಮಗ್ಗುಲಿಂದ ಬಿಡಿಸುವುದು ನನ್ನ ಕೆಲಸ. ಅದನ್ನು ಯಂತ್ರವೊಂದು ಮೇಣದಲ್ಲಿ ಮೂಡಿಸುತ್ತದೆ. ಆದರೂ ಎಲ್ಲರಿಗೂ ಒಂದೇ ಬಾಗಿಲು, ಒಂದೇ ಬ್ರಷ್.

ಜಾಡಿಸಿದ್ದಕ್ಕೆ ನನಗೇನೂ ಅನಿಸಲಿಲ್ಲ. ರಾಣೆಬೆನ್ನೂರಿನ ಪತ್ತಾರರ, ಅಂದರೆ ಅಕ್ಕಸಾಲಿಗರ, ಮನೆಯಲ್ಲಿ ಹುಟ್ಟಿದವಳು ನಾನು. ಅಪ್ಪನ ಕೆಲಸದ ಕೋಣೆಯಿಂದ ಆಚೆ ಓಡುವಾಗಲೆಲ್ಲ ನನ್ನ ಲಂಗ ಹೀಗೇ ಜಾಡಿಸಿಕೊಂಡಿದೆ. ಸಿಟ್ಟು ಬಂದದ್ದು ಆಮೇಲೆ. ಆ ಹೆಂಗಸು, ಸೆಲ್ವಿ ಅಂತ ಹೆಸರು, ನನ್ನ ಚೀಲ ತೆರೆದು ಲ್ಯಾಪ್‌ಟಾಪನ್ನು ಎತ್ತಿ ಪಕ್ಕಕ್ಕಿಟ್ಟಳು. "ಉಳ್ಳ ವಂದದು ವೆಳಿಯ ಪೋಗಾದು." ಒಳಗೆ ಬಂದದ್ದು ಹೊರಗೆ ಹೋಗುವುದಿಲ್ಲ.

ಆ ಲ್ಯಾಪ್‌ಟಾಪ್ ಸುಮ್ಮನೆ ಬಂದದ್ದಲ್ಲ. ಪಟ್ಟರೈಯ ಯಜಮಾನನನ್ನು ಇಲ್ಲಿ ಎಲ್ಲರೂ ಸೇಟು ಅನ್ನುತ್ತಾರೆ. ಚಿಕ್ಕದೊಂದು ಡೆಸ್ಕ್‌ಟಾಪ್ ಮೇಜಿನ ಮೇಲೆ ಕೂರಿಸಿಕೊಡುತ್ತೇನೆ ಎಂದು ಆತ ಮೊದಲೇ ಹೇಳಿದ್ದ. ಬುತ್ತಿ ಡಬ್ಬಿಯಷ್ಟು ಪೆಟ್ಟಿಗೆ. ಅಂಗಡಿಯವನೂ ಅದನ್ನೇ ಹೊಗಳಿದ: ಬಿಸಿಯಾಗುವುದಿಲ್ಲ, ಸದ್ದಿಲ್ಲ, ನಾಳೆ ಬೇಕಾದ ಭಾಗ ಬದಲಿಸಬಹುದು. ನಾನು ಕೇಳಬೇಕಲ್ಲ. ಹಟ ಹಿಡಿದು ಗೇಮಿಂಗ್ ಲ್ಯಾಪ್‌ಟಾಪನ್ನೇ ಕೊಂಡೆ. ಆಟ ಆಡುವವಳಲ್ಲ, ಒಡವೆಯ ನಕಾಶೆ ತಿರುಗಿಸಿ ನೋಡಲು ಅಷ್ಟು ಶಕ್ತಿಯ ಯಂತ್ರವೇ ಬೇಕು. ಕೀಲಿಗಳು ಗಣಪತಿ ಮಂಟಪದ ಹಾಗೆ ಕೆಂಪು, ನೀಲಿ ಮಿಣುಕುತ್ತವೆ. ತೊಡೆಯ ಮೇಲಿಟ್ಟರೆ ಒಲೆ. ಆದರೂ ಅದೇ ಬೇಕಿತ್ತು. ಮೇಜು ಹಾಕಿ ಕೂರುವ ಮನಸ್ಸು ಈ ಊರಲ್ಲಿ ನನಗಿರಲಿಲ್ಲ. ಬೇಸರ ಬಂದ ದಿನ ಬೆನ್ನಿಗೇರಿಸಿ ಹೊರಟುಬಿಡಬೇಕು, ಅಷ್ಟೇ.

ಬೇಸರವಂತೂ ದಿನಾ ಬರುತ್ತಿತ್ತು. ವೇಪೇರಿಯಲ್ಲಿ ಮೂರನೇ ಮಹಡಿಯ ಒಂಟಿ ಕೋಣೆ. ಊರಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಪಕ್ಕದ ಮನೆಯವರು ಪಲ್ಯ ತಂದು ಕೂರುತ್ತಾರೆ. ಇಲ್ಲಿ ಅದೇ ಸದ್ದಿಗೆ ಮನೆ ಒಡತಿ ಮೆಟ್ಟಿಲು ಹತ್ತಿ ಬಂದು, ಏನು ಒಡೆಯುತ್ತಿದ್ದೀಯ ಎಂದು ಜಗಳ ತೆಗೆದಳು. ಅವತ್ತಿಗೆ ರೊಟ್ಟಿ ಬಂದ್. ಉಡುಪಿ ಹೋಟೆಲಿನಲ್ಲಿ ಕನ್ನಡವಾದರೂ ಸಿಕ್ಕೀತೆಂದು ಹೋದರೆ, ಕುಂದಾಪುರದ ಯಜಮಾನರು ನನ್ನ "ಏನೈತ್ರೀ" ಕೇಳಿ ನಕ್ಕು, ಬಿಲ್ಲನ್ನು ತಮಿಳಿನಲ್ಲಿ ಹೇಳಿದರು. ನಾನು ಗೆದ್ದದ್ದು ಒಂದೇ ಕಡೆ: ಆಟೋದವನನ್ನು ತಮಿಳಿನಲ್ಲೇ ಬೈಯಲು ಕಲಿತೆ. ಅವನು ತಿದ್ದಿಕೊಟ್ಟ.

ಸೆಲ್ವಿ ಲ್ಯಾಪ್‌ಟಾಪ್ ತೆಗೆದಿಟ್ಟುಕೊಂಡ ಮರುದಿನವೇ ಸೇಟುವಿನ ಮುಂದೆ ಕೂಗಾಡಿದೆ. ಲ್ಯಾಪ್‌ಟಾಪ್ ನನ್ನದು, ಅದರಲ್ಲಿ ನನ್ನ ಸ್ವಂತದ್ದೂ ಇದೆ ಎಂದೆ. ಇದ್ದದ್ದು ನಮ್ಮ ಮನೆಯ ಬೋರಮಾಳ ಸರ. ಬೋರೆಹಣ್ಣಿನಂಥ ಗುಂಡುಗಳ ಸರ ಊರೂರಲ್ಲೂ ಇದೆ. ಗುಂಡಿನ ಮೈಮೇಲೆ ನಮ್ಮ ಮುತ್ತ್ಯಾ, ಅಂದರೆ ಅಜ್ಜ, ಕೊರೆದ ಗೆರೆ ಮಾತ್ರ ನಮ್ಮಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಅದನ್ನು ಬಿಡಿಸಿ ಮುಗಿಸಿ, ಮುಂದೊಂದು ದಿನ ಊರಲ್ಲೇ ಅಪ್ಪನ ಜೊತೆ ಅಂಗಡಿ ಇಡಬೇಕು ಅನ್ನುವುದೇ ನನಗಿದ್ದ ಒಂದೇ ಆಸೆ. ಸೇಟು ದನಿ ಏರಿಸಲಿಲ್ಲ. "ಒಳಗಿರುವುದನ್ನೆಲ್ಲ ಅಳಿಸು, ಖಾಲಿ ಡಬ್ಬಿ ತೆಗೆದುಕೊಂಡು ಹೋಗು. ಯಾವುದು ನಿನ್ನದು, ಯಾವುದು ನನ್ನದು ಅಂತ ನನಗೇನು ತಿಳಿಯುತ್ತೆ?"

ಬೇರೆ ನಕಲಿರಲಿಲ್ಲ. ಬೆನ್ನ ಮೇಲೇ ಇರುವುದಕ್ಕೆ ನಕಲೇಕೆ ಅಂದುಕೊಂಡಿದ್ದೆ. ಆತನ ಎದುರೇ ಎಲ್ಲವನ್ನೂ ಅಳಿಸಿದೆ. ಮೇಜಿನ ಮೇಲೆ ಪುಟ್ಟ ಡೆಸ್ಕ್‌ಟಾಪ್ ಬಂದು ಕೂತಿತು, ಕಬ್ಬಿಣದ ಸರಪಳಿ ಸಮೇತ. ನಾಯಿಗೂ ಅಷ್ಟು ದಪ್ಪದ್ದು ಹಾಕುವುದಿಲ್ಲ. ಆ ಊರು, ಆ ಬೀದಿ, ಆ ಬಾಗಿಲು, ಎಲ್ಲವನ್ನೂ ಅವತ್ತು ಮನಸಾರೆ ಶಪಿಸಿದೆ.

ಅಪ್ಪನಿಗೆ ಫೋನು ಮಾಡಿ ಹೊಟ್ಟೆ ತುಂಬ ದೂರಿದೆ. ನನ್ನ ಪರವಾಗಿ ನಾಲ್ಕು ಮಾತು ಬೈದಾರು ಎಂದು ಕಾದೆ. "ಸೇಠ ಬರೋಬ್ಬರಿನ ಮಾಡ್ಯಾನ ಬಿಡವಾ" ಅಂದರು ಅಪ್ಪ. "ನಾನಾಗಿದ್ರೂ ಬಿಡ್ತಿರಲಿಲ್ಲ. ನೀ ಪತ್ತಾರ ಮಗಳಾಗಿ ಅದನ್ನ ಒಳಗ ಯಾಕ ಒಯ್ದಿ?" ಫೋನು ಇಟ್ಟುಬಿಟ್ಟೆ.

ದೀಪಾವಳಿಗೆ ಲ್ಯಾಪ್‌ಟಾಪ್ ಹೊತ್ತು ಊರಿಗೆ ಹೋದೆ. ಅಪ್ಪನ ಕೋಣೆಯಲ್ಲಿ ಕೂತು, ಮುತ್ತ್ಯಾನ ಗುಂಡುಗಳನ್ನು ಕೈಯಲ್ಲಿ ಹಿಡಿದು, ಗೆರೆಗೆ ಗೆರೆ ಮತ್ತೆ ಬಿಡಿಸಿದೆ. ಅಪ್ಪ ಕೆಲಸ ಬಿಟ್ಟು ಪಕ್ಕದಲ್ಲಿ ಕೂತು, ಇಲ್ಲಿ ಆಳ ಸಾಲದು, ಅಲ್ಲಿ ಜಾಸ್ತಿಯಾಯ್ತು ಅನ್ನುತ್ತಿದ್ದರು. ಹೊರಗೆ ಪಕ್ಕದ ಮನೆಯ ರೊಟ್ಟಿಯ ಸದ್ದು. ಎಷ್ಟೋ ದಿನಗಳ ಮೇಲೆ ನಾನು ಯಾರ ಮೇಲೂ ಸಿಟ್ಟಾಗಿರಲಿಲ್ಲ.

ಹೊರಡುವ ದಿನ ಕೋಣೆಯ ಬಾಗಿಲಲ್ಲಿ ಅಪ್ಪ ಬ್ರಷ್ ಹಿಡಿದು ನಿಂತಿದ್ದರು. ನಗುತ್ತಾ ಕಾಲೆತ್ತಿದೆ. ಜಾಡಿಸಿ ಮುಗಿಸಿ ಚೀಲದ ಕಡೆ ನೋಡಿದರು.

"ಇದ್ರಾಗ ನಮ್ಮ ಸರ ಕುಂತೈತಲ್ಲವಾ?"

"ಹೂಂ."

"ಹಂಗಾರ ಇದು ಇಲ್ಲೇ ಇರ್ಲಿ."

"ಅಪ್ಪಾ, ಇದು ನಂದು."

"ನೀನೂ ನನ್ನಾಕಿನ. ಆದ್ರ ನಾಳೆ ಹೋಗಿ ಕುಂದ್ರೂದು ಸೇಠನ ಮನ್ಯಾಗ."

ಮೈ ಉರಿಯಿತು. ಸೇಟು ನನ್ನನ್ನು ಅನುಮಾನಿಸಿದಾಗ ಬೈಯಲು ಒಂದು ಊರು ಇತ್ತು. ಈಗ ಯಾವ ಊರನ್ನು ಬೈಯಲಿ? ಮೊಬೈಲಿಗೋ ಪೆನ್‌ಡ್ರೈವಿಗೋ ನಕಲು ಇಳಿಸಿಕೊಳ್ಳಬಹುದಿತ್ತು. ಅಪ್ಪನಿಗೆ ತಿಳಿಯುತ್ತಲೂ ಇರಲಿಲ್ಲ. ಇಳಿಸಿಕೊಳ್ಳಲಿಲ್ಲ. ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಅಪ್ಪನ ಕೈಗೆ ಕೊಟ್ಟೆ. ಅವರು ಅದನ್ನು ಅಚ್ಚುಗಳ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು.

ಎತ್ತಿಕೊಂಡು ತಿರುಗಲೆಂದು ಕೊಂಡದ್ದು ಈಗ ರಾಣೆಬೆನ್ನೂರಿನಲ್ಲಿ ಬೀಗದೊಳಗಿದೆ. ಮದರಾಸಿನದು ಸರಪಳಿಯಲ್ಲಿದೆ. ಎರಡೂ ಕಡೆ ನನಗೊಂದೊಂದು ಜಾಗವಿದೆ, ಎರಡೂ ಕಡೆ ಹೊರಡುವಾಗ ಜಾಡಿಸುತ್ತಾರೆ. ಸೋಮವಾರ ಸಂಜೆ ಸೆಲ್ವಿ ನನ್ನ ಚೀಲ ತೆರೆದಳು. ಒಳಗೆ ಅವ್ವ ಕಟ್ಟಿಕೊಟ್ಟ ನಾಲ್ಕು ಖಡಕ್ ರೊಟ್ಟಿ ಮಾತ್ರ ಇದ್ದವು. "ಇದು ಪೋಗಲಾಂ" ಅಂದಳು. ಇದು ಹೋಗಬಹುದು ಅಂತ. ಅವಳಿಗೂ ಒಂದು ಮುರಿದು ಕೊಟ್ಟು, ಕಾಲೆತ್ತಿದೆ.