ಫಿಲ್ಟರಿಗೆ ರಜೆ

ನಮ್ಮ ಭಾವನಿಗೆ ಮನೆಮಂದಿಯೆಲ್ಲ ಸೇರಿ ಬೆನ್ನ ಹಿಂದೆ ಇಟ್ಟ ಹೆಸರು ‘ಹಾಜರಿ’. ಬಿಸ್ಕತ್ತಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಪಾಳಿಯ ಮೇಲ್ವಿಚಾರಕರಾಗಿದ್ದರು. ಆಳು ಬಂದು ನಿಂತರೆ ಯಂತ್ರ ಚಾಲು, ಆಳು ಅತ್ತ ಸರಿದರೆ ಬಂದ್. ನಿವೃತ್ತರಾದಾಗ ಕುರ್ಚಿ ಬಿಟ್ಟು ಬಂದರು, ಈ ನಿಯಮವನ್ನು ಮಾತ್ರ ಮನೆಗೆ ಹೊತ್ತು ತಂದರು.

ಅಷ್ಟರಲ್ಲಿ ಅಕ್ಕನ ಮಂಡಿಗೆ ಆಪರೇಷನ್ ಆಯಿತು. ದಿನಾ ಅರ್ಧ ಗಂಟೆ ಸೊಂಟದ ಮಟ್ಟದ ನೀರಿನಲ್ಲಿ ನಡೆಯಬೇಕು, ಆರು ತಿಂಗಳೊಳಗೆ ಮಂಡಿ ಮಡಚುವಂತಾಗದಿದ್ದರೆ ಆಮೇಲೆ ಕಷ್ಟ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದರು. ಭಾವ ಹಿಂದೆಮುಂದೆ ನೋಡದೆ ಹಿತ್ತಿಲಲ್ಲಿ ಪುಟ್ಟದೊಂದು ಈಜುಕೊಳ ಕಟ್ಟಿಸಿದರು. ಅಲ್ಲಿಗೇ ನಿಲ್ಲಿಸಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಫಿಲ್ಟರ್ ಕೂರಿಸಿದ ಮೆಕ್ಯಾನಿಕ್, “ದಿನಾ ಎಂಟು ಗಂಟೆ ಓಡಿಸಿ ಸಾರ್. ಕೊಳದ ನೀರೆಲ್ಲ ಒಂದು ಸಲ ಇದರೊಳಗೆ ಹಾದು ಬರೋಕೆ ಅಷ್ಟು ಹೊತ್ತು ಬೇಕು” ಎಂದ.

“ಎಂಟು ಗಂಟೆನಾ? ನಮ್ಮನೆಯವಳು ನೀರಲ್ಲಿರೋದೇ ಅರ್ಧ ಗಂಟೆ ಕಣಯ್ಯಾ!”

“ಅವರು ಇಳೀಲಿ ಬಿಡ್ಲಿ ಸಾರ್, ಧೂಳು, ಎಲೆ ಬೀಳ್ತಾನೇ ಇರುತ್ತಲ್ಲ.”

ಅವನು ಗೇಟು ದಾಟುವ ಮೊದಲೇ ಭಾವ ಆ ಎಂಟು ಗಂಟೆಗೆ ಕತ್ತರಿ ಹಾಕಿದರು. ಅಕ್ಕ ನೀರಿಗಿಳಿದರೆ ಫಿಲ್ಟರ್ ಚಾಲು, ಮೇಲೆ ಬಂದರೆ ಬಂದ್. ಅವಳು ಇಳಿಯದ ದಿನ ಅದಕ್ಕೂ ರಜೆ. ಸ್ವಿಚ್ಚಿನ ಪೆಟ್ಟಿಗೆಗೆ ಬೀಗ, ಬೀಗದ ಕೈ ಭಾವನ ಜೇಬಿನಲ್ಲಿ.

ಎರಡನೇ ವಾರ ನೀರು ಮಬ್ಬಾಯಿತು, ಮೂರನೇ ವಾರ ಹಸಿರಾಯಿತು. ಮೆಟ್ಟಿಲ ಮೇಲೆ ಪಾಚಿ ಕಟ್ಟಿ ಕಾಲಿಟ್ಟರೆ ಜಾರುತ್ತಿತ್ತು. ಅಕ್ಕ ಹೆದರಿ ಇಳಿಯುವುದನ್ನೇ ಬಿಟ್ಟಳು. ಅವಳು ಇಳಿಯಲಿಲ್ಲವೆಂದು ಭಾವ ಫಿಲ್ಟರ್ ಹಾಕುವುದನ್ನೂ ಬಿಟ್ಟರು.

“ರೀ, ನೀರು ಸರಿಹೋದ್ರೆ ಇಳೀತೀನಿ.”

“ನೀನು ಇಳಿ, ಹಾಕ್ತೀನಿ. ಖಾಲಿ ಕೊಳಕ್ಕೆ ಯಾರಾದ್ರೂ ಮೋಟಾರ್ ಓಡಿಸ್ತಾರಾ?”

ಇಂಥ ತಲೆಯ ಕೈಕೆಳಗೆ ಮೂವತ್ತೊಂದು ವರ್ಷ ಬಿಸ್ಕತ್ತು ಹೇಗೆ ಬೆಂದಿತೋ ನನಗಂತೂ ಗೊತ್ತಿಲ್ಲ.

ನಾನೇನೂ ಸಾಚಾ ಅಲ್ಲ. ಹೋದಾಗಲೆಲ್ಲ ಕೊಳದ ಅಂಚಿನಲ್ಲಿ ನಿಂತು, “ಏನ್ ಭಾವ, ಕಪ್ಪೆಗಳೆಲ್ಲ ಟೈಮಿಗೆ ಸರಿಯಾಗಿ ಬರ್ತಿದಾವಾ?” ಎಂದು ಹಲ್ಲುಕಿರಿದು, ಅಕ್ಕ ಕೊಟ್ಟ ಕಾಫಿ ಕುಡಿದು ಬರುತ್ತಿದ್ದೆ. ಆ ಕಾಫಿ ತರಲು ಅವಳು ಗೋಡೆ ಹಿಡಿದು ಕಾಲೆಳೆಯುತ್ತಿದ್ದುದು ಕಣ್ಣಿಗೆ ಬಿದ್ದರೂ ಬೀಗದ ಕೈ ಕೇಳಲಿಲ್ಲ. ತಮಾಷೆ ಮಾಡುವಷ್ಟೇ ನನ್ನ ಧೈರ್ಯ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆರನೇ ತಿಂಗಳು ಡಾಕ್ಟರು ಅಕ್ಕನ ಕಾಲು ಮಡಚಿ ನೋಡಿದರು. ಅರ್ಧಕ್ಕೇ ನಿಂತಿತು.

“ನೀರಲ್ಲಿ ನಡೆದ್ರಾ?”

ಭಾವ ಬಾಯಿ ತೆರೆಯುವಷ್ಟರಲ್ಲಿ ಅಕ್ಕನೇ ಹೇಳಿದಳು: “ಇಲ್ಲ ಡಾಕ್ಟ್ರೇ. ಮೋಟಾರ್ ಸುಮ್‌ಸುಮ್ನೆ ಓಡ್ಬಾರ್ದು ಅಂದ್ರು ಇವರು. ಅದಕ್ಕೆ ನಾನೇ ಸುಮ್ನೆ ಕೂತೆ.”

ಡಾಕ್ಟರು ಭಾವನ ಮುಖ ನೋಡಿದರು. ಭಾವ ನೆಲ ನೋಡಿದರು.

ಮರುದಿನವೇ ಮೆಕ್ಯಾನಿಕ್ ಬಂದು ಪಾಚಿ ಉಜ್ಜಿದ, ಔಷಧಿ ಹಾಕಿದ. ಫಿಲ್ಟರ್ ದಿನಾ ಎಂಟು ಗಂಟೆ ಓಡತೊಡಗಿತು. ಹತ್ತು ದಿನದಲ್ಲಿ ತಳದ ಟೈಲ್ಸ್ ಎಣಿಸುವಷ್ಟು ನೀರು ತಿಳಿಯಾಯಿತು. ಅಕ್ಕಪಕ್ಕದವರ ಮುಂದೆ ಭಾವ, “ಎಂಟು ಗಂಟೆಗಿಂತ ಒಂದು ನಿಮಿಷ ಕಮ್ಮಿ ಆಗ್ಬಾರ್ದು ಕಣ್ರೀ” ಎಂದು ಪಾಠ ಹೇಳುವುದನ್ನು ನಾನೇ ಕೇಳಿದ್ದೇನೆ.

ಒಂದು ಬೆಳಿಗ್ಗೆ ಒಳಗೆ ಬಂದು ಮೆಲ್ಲಗೆ ಕರೆದರು. “ಬಾರೇ, ಇಳಿ. ನೀರು ಕನ್ನಡಿ ಹಾಗಿದೆ.”

ಕೊಳಕ್ಕಿಳಿಯಲು ಐದು ಮೆಟ್ಟಿಲು. ಮೊದಲನೆಯದಕ್ಕೇ ಅಕ್ಕನ ಮಂಡಿ ಬಗ್ಗಲಿಲ್ಲ. ಭಾವ ಕೈ ಚಾಚಿದರು. ಅವಳು ಅದನ್ನು ಹಿಡಿಯದೆ ಹಿಂದೆ ತಿರುಗಿ ಕೋಣೆಗೆ ಹೋದಳು.

ಯಾರೂ ಇಳಿಯದ ಆ ಕೊಳಕ್ಕೆ ಈಗ ಫಿಲ್ಟರ್ ದಿನಾ ಎಂಟು ಗಂಟೆ ಗುಂಯ್‌ಗುಡುತ್ತಿರುತ್ತದೆ. ಸದ್ದು ಶುರುವಾದ ಕೂಡಲೆ ಅಕ್ಕ ಕಿಟಕಿ ಮುಚ್ಚುತ್ತಾಳೆ.